ನಿಂತುಹೋದರೆ ಎಷ್ಟು ದಿನ?

ಬೆಂಗಳೂರಿನ ಎಸ್.ಪಿ. ರಸ್ತೆಯ ಲ್ಯಾಪ್‌ಟಾಪ್ ಅಂಗಡಿಗಳಲ್ಲಿ ಅರ್ಧ ಗಂಟೆ ನಿಂತರೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಅಂಗಡಿಯವರು ಕೇಳುವುದು, ‘ಬಜೆಟ್ ಎಷ್ಟು ಸಾರ್?’ ಗಿರಾಕಿ ಕೇಳುವುದು, ‘ಐ5 ಇದೆಯಾ?’ ತುಮಕೂರಿನಿಂದ ಬಂದ ಹಾರ್ಡ್‌ವೇರ್ ಅಂಗಡಿಯವರಿರಲಿ, ಪೀಣ್ಯದಲ್ಲಿ ನಾಲ್ಕು ಲೇತ್ ಇಟ್ಟುಕೊಂಡವರಿರಲಿ, ವ್ಯಾಪಾರ ಕುದುರುವುದು ಈ ಎರಡು ಮಾತುಗಳ ನಡುವೆಯೇ. ಲ್ಯಾಪ್‌ಟಾಪಿನಲ್ಲಿ ಏನು ಕೆಲಸ ಆಗಬೇಕು, ಅದು ಕೆಟ್ಟರೆ ಗತಿಯೇನು ಎಂಬ ಮಾತು ಬರುವುದೇ ಅಪರೂಪ. ನಮ್ಮ ಸಣ್ಣ ಉದ್ದಿಮೆಗಳು ಲ್ಯಾಪ್‌ಟಾಪ್ ಆರಿಸುವ ರೂಢಿಯಲ್ಲಿರುವ ದೊಡ್ಡ ದೋಷ ಇದು.

ಇಂಟೆಲ್ ಪ್ರೊಸೆಸರುಗಳಲ್ಲಿ ‘ಐ5’ ಎಂಬುದು ಮನೆತನದ ಹೆಸರಿದ್ದಂತೆ. ಏಳನೇ ತಲೆಮಾರಿನದೂ ಐ5, ಹದಿಮೂರನೆಯದೂ ಐ5. ವಿಂಡೋಸ್ 11 ಓಡಲು ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಾದರೂ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಅಗ್ಗಕ್ಕೆ ಸಿಕ್ಕ ಹಳೇ ಐ5, ಲೆಕ್ಕಪತ್ರ ಇಡುವವರ ಪಾಲಿಗೆ ಅಗ್ಗವಲ್ಲ. ಎಎಂಡಿಯ ಹೆಸರುಗಳಲ್ಲೂ ಇಂಥದೇ ತೊಡಕಿದೆ. ರೈಜನ್ 5 7520ಯು ಮತ್ತು 7530ಯು ಅಕ್ಕಪಕ್ಕದವುಗಳಂತೆ ಕಾಣುತ್ತವೆ. ಗಮನಿಸಬೇಕಾದ್ದು ಮೂರನೇ ಅಂಕಿಯನ್ನು. ಮೊದಲನೆಯದು 2019ರ ಝೆನ್ 2 ವಿನ್ಯಾಸದ್ದು, ನಾಲ್ಕು ಕೋರ್‌ಗಳದು. ಎರಡನೆಯದು ಝೆನ್ 3, ಆರು ಕೋರ್‌ಗಳದು. ಸ್ಟಿಕ್ಕರ್ ನೋಡಿ ಕೊಂಡವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಹಾಗೆಂದು ಎಲ್ಲರಿಗೂ ಬಲಶಾಲಿ ಪ್ರೊಸೆಸರ್ ಬೇಕೆಂದಲ್ಲ. ಬಹುಪಾಲು ಸಣ್ಣ ವ್ಯಾಪಾರದ ದಿನಚರಿ ಎಂದರೆ ಟ್ಯಾಲಿ, ಎಕ್ಸೆಲ್, ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್, ಪಕ್ಕದಲ್ಲಿ ವಾಟ್ಸ್‌ಆ್ಯಪ್. ಇದಕ್ಕೆ ಈಚಿನ ತಲೆಮಾರಿನ ಐ3 ಸಾಕು. ಕಡ್ಡಾಯವಾಗಿ ಬೇಕಾದ್ದು ಎಸ್‌ಎಸ್‌ಡಿ, ಸಾಧ್ಯವಿದ್ದರೆ 16 ಜಿಬಿ ರ‍್ಯಾಮ್. ಐ7ಗೆ ಸುರಿಯುವ ಹಣದ ಒಂದು ಪಾಲು ರ‍್ಯಾಮ್‌ಗೆ ಹೋದರೆ ಲಾಭ ಹೆಚ್ಚು. ಡಿಜಿಟಲ್ ಸಹಿಯ ಟೋಕನ್ ಚುಚ್ಚಲು ಹಳೇ ಅಗಲ ಯುಎಸ್‌ಬಿ ಪೋರ್ಟ್ ಇದೆಯೇ, ರ‍್ಯಾಮ್ ಮದರ್‌ಬೋರ್ಡಿಗೆ ಬೆಸುಗೆಯಾಗಿದೆಯೇ ಅಥವಾ ಮುಂದೆ ಸೇರಿಸಲು ಸ್ಲಾಟ್ ಖಾಲಿ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು. ಬೆಸುಗೆ ಹಾಕಿದ್ದನ್ನು ಎಸ್.ಪಿ. ರಸ್ತೆಯ ಎಂಥ ಕುಶಲಕರ್ಮಿಯೂ ಸುಲಭವಾಗಿ ಬದಲಿಸಲಾರ.

ನನಗೆ ಈ ವಿಷಯದ ತೂಕ ತಿಳಿದದ್ದು ಪರಿಚಯದವರ ಅಡಿಕೆ ಮಂಡಿಯಲ್ಲಿ. ತೆಳ್ಳಗೆ, ಚೆಂದಗೆ ಇದ್ದ ಹೊಸ ಲ್ಯಾಪ್‌ಟಾಪ್ ಒಂದು ತಿಂಗಳ 18ನೇ ತಾರೀಖು ಆನ್ ಆಗಲಿಲ್ಲ. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ 20. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ. ವಾರಂಟಿ ಇತ್ತು, ಆದರೆ ನಾವೇ ಹೊತ್ತೊಯ್ದು ಕೊಡಬೇಕಾದ ವಾರಂಟಿ. ಜಿಲ್ಲಾ ಕೇಂದ್ರದಿಂದ ಅದನ್ನು ಬೆಂಗಳೂರಿಗೆ ಕಳಿಸಿದರು. ವಾಪಸು ಬರಲು ಒಂಬತ್ತು ದಿನ ಹಿಡಿಯಿತು. ಶುಲ್ಕ ದೊಡ್ಡದಾಗಿರಲಿಲ್ಲ. ಬೆಳೆಗಾರರು ಬಂದು ತಮ್ಮ ಲೆಕ್ಕ ಕೇಳಿದಾಗ ತೋರಿಸಲು ಏನೂ ಇರಲಿಲ್ಲವಲ್ಲ, ಮಂಡಿಯವರಿಗೆ ನೋವಾದದ್ದು ಅದಕ್ಕೆ. ನಂಬಿಕೆಯ ಮೇಲೆ ನಿಂತ ವ್ಯಾಪಾರ ಅದು.

ಆದ್ದರಿಂದ ನನ್ನ ಅಳತೆಗೋಲು ಒಂದೇ: ಇದು ನಿಂತರೆ ನನ್ನ ಕೆಲಸ ಎಷ್ಟು ದಿನ ನಿಲ್ಲುತ್ತದೆ? ಈ ಗೋಲಿನಿಂದ ಅಳೆದರೆ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಪ್ರೋಬುಕ್‌ನಂಥ ವ್ಯವಹಾರ ಶ್ರೇಣಿಯ ಮಷೀನುಗಳಿಗೆ ಕೊಡುವ ಹೆಚ್ಚಿನ ಬೆಲೆಗೆ ಅರ್ಥ ಬರುತ್ತದೆ. ಅವುಗಳಿಗೆ ತಂತ್ರಜ್ಞರೇ ಅಂಗಡಿ ಬಾಗಿಲಿಗೆ ಬರುವ ಆನ್‌ಸೈಟ್ ವಾರಂಟಿ ಕೊಳ್ಳಬಹುದು. ಆ ಸೇವೆ ನಮ್ಮೂರಿನ ಪಿನ್‌ಕೋಡಿಗೆ ಇದೆಯೇ ಎಂದು ಮಾತ್ರ ಮೊದಲೇ ವಿಚಾರಿಸಬೇಕು. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಇಂಥವೇ ನವೀಕೃತ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಬ್ಯಾಟರಿ ಸವೆದಿರುತ್ತದೆ ಎಂಬ ಎಚ್ಚರವಿದ್ದರೆ, ತಲೆಮಾರು ನೋಡಿ ಆರಿಸಿದರೆ, ಅದೂ ಒಳ್ಳೆಯ ದಾರಿಯೇ. ಅಲ್ಲಿನ ಅಂಗಡಿಯವರ ರಿಪೇರಿ ಅನುಭವ ನಮ್ಮ ಸಣ್ಣ ವ್ಯಾಪಾರಿಗಳಿಗಿರುವ ದೊಡ್ಡ ಆಸರೆ. ಬೆಲೆ ಚೌಕಾಸಿಗಿಂತ ಆ ಅನುಭವವನ್ನು ಹೆಚ್ಚು ಕೇಳಿ ಪಡೆಯಬೇಕು.

‘ಬಿಲ್ ಬೇಡವಾದರೆ ಕಡಿಮೆ’ ಎಂಬ ಆಸೆಗೂ ಬೀಳಬಾರದು. ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ ಶೇ 18; 50,000 ರೂಪಾಯಿಗೆ 9,000. ಬಿಲ್‌ನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಹಾಕಿಸಿದರೆ, ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದವರು ಆ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಬಿಲ್ ಇಲ್ಲದಿದ್ದರೆ ಅದೂ ಇಲ್ಲ, ವಾರಂಟಿಗೆ ಆಧಾರವೂ ಇಲ್ಲ.

ಆ ಮಂಡಿಯವರು ಮುಂದಿನ ಸಲ ಕೊಂಡದ್ದು ದಪ್ಪನೆಯ, ಸಾಧಾರಣ ಐ3. ಜೊತೆಗೆ 16 ಜಿಬಿ ರ‍್ಯಾಮ್, ಮೂರು ವರ್ಷದ ಆನ್‌ಸೈಟ್ ವಾರಂಟಿ. ರಿಪೇರಿಯಾಗಿ ಬಂದ ಹಳೆಯದರಲ್ಲೂ ಟ್ಯಾಲಿ ಹಾಕಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. ದಿನವೂ ಬಾಗಿಲು ಹಾಕುವ ಮೊದಲು ಲೆಕ್ಕದ ನಕಲು ಪೆನ್‌ಡ್ರೈವಿಗೆ ಹೋಗುತ್ತದೆ. ಈಗ ಲ್ಯಾಪ್‌ಟಾಪ್ ಕೆಟ್ಟರೆ ಅವರ ಕೆಲಸ ನಿಲ್ಲುವುದು ಬೀರು ತೆಗೆಯುವಷ್ಟು ಹೊತ್ತು.