ಗೋಧಿ ಬಣ್ಣ ಅಂದ್ರೆ ಯಾವ ಬಣ್ಣ?

ಕೋಲು ಮುಖ, ದುಂಡು ಮುಖ, ಎಣ್ಣೆಗೆಂಪು, ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಕಾಣೆಯಾದವರ ಪ್ರಕಟಣೆಗೆ ಕನ್ನಡದಲ್ಲಿ ಇರೋ ಪದಗಳು ಹೆಚ್ಚುಕಮ್ಮಿ ಇಷ್ಟೇ. ದೂರದರ್ಶನ ನೋಡಿ ಬೆಳೆದ ನಮಗೆಲ್ಲ ಇವು ಬಾಯಿಪಾಠ. ಹೇಮಂತ್ ರಾವ್ 2016ರಲ್ಲಿ ತಮ್ಮ ಮೊದಲ ಸಿನಿಮಾಕ್ಕೆ ಇಲ್ಲಿಂದಲೇ ಹೆಸರು ಎತ್ತಿಕೊಂಡರು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಅಂತ ಕೇಳಿದಾಗ ಮೊದಲು ನಗು ಬರುತ್ತೆ. ಸಿನಿಮಾ ಮುಗಿಯೋ ಹೊತ್ತಿಗೆ ಅದೇ ಹೆಸರು ಚುಚ್ಚುತ್ತೆ.

ಕಥೆ ನಿಮಗೆ ಗೊತ್ತಿರಬಹುದು. ವೆಂಕೋಬ ರಾವ್ (ಅನಂತ್ ನಾಗ್) ಅವರಿಗೆ ಅಲ್ಝೈಮರ್ಸ್. ಹೆಂಡತಿ ಪುಷ್ಪ ತೀರಿಕೊಂಡಿದ್ದಾರೆ. ಮಗ ಶಿವ (ರಕ್ಷಿತ್ ಶೆಟ್ಟಿ) ಅಪ್ಪನನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟು ಕೆಲಸದ ಹಿಂದೆ ಓಡ್ತಿರೋನು. ಒಂದು ದಿನ ಹೊರಗೆ ಕರ್ಕೊಂಡು ಹೋದಾಗ ಅಪ್ಪ ಕಳೆದುಹೋಗ್ತಾರೆ. ಡಾಕ್ಟರ್ ಸಹನಾ (ಶ್ರುತಿ ಹರಿಹರನ್) ಜೊತೆ ಹುಡುಕಾಟ ಶುರುವಾಗುತ್ತೆ. ಹುಡುಕೋಕೆ ಹೊರಟ ಮೇಲೆ ಗೊತ್ತಾಗೋದು ಏನಂದ್ರೆ, ಅಪ್ಪನ ಬಗ್ಗೆ ಶಿವನ ಹತ್ತಿರ ಇರೋ ಮಾಹಿತಿ ಒಂದು ಪೊಲೀಸ್ ಫಾರಂ ತುಂಬುವಷ್ಟು ಮಾತ್ರ.

ನಾನು ಹಳ್ಳಿಯವನು. ನಮ್ಮೂರಲ್ಲಿ ಬದುವಿನ ಮೇಲೆ ದೂರದಲ್ಲಿ ಯಾರೋ ಬರ್ತಿದ್ರೆ, ನಡಿಗೆ ನೋಡೇ ಇಂಥವರು ಅಂತ ಹೇಳಿಬಿಡ್ತಾರೆ. ಟವೆಲ್ಲು ಯಾವ ಹೆಗಲ ಮೇಲಿದೆ, ಕೆಮ್ಮು ಹೇಗಿದೆ, ಎತ್ತಿಗೆ ಏನಂತ ಕೂಗ್ತಾರೆ, ಇಷ್ಟು ಸಾಕು. ಅಲ್ಲಿ ಯಾರನ್ನೂ ‘ಸಾಧಾರಣ ಮೈಕಟ್ಟು’ ಅಂತ ಗುರುತಿಸಲ್ಲ. ಹೆತ್ತ ಮಗನೇ ಅಪ್ಪನನ್ನು ಹಾಗೆ ವಿವರಿಸಬೇಕಾದ ಸ್ಥಿತಿ ಹೇಗೆ ಬಂತು ಅನ್ನೋದೇ ಈ ಸಿನಿಮಾದ ನಿಜವಾದ ಪತ್ತೇದಾರಿ.

ಅದಕ್ಕೆ ಉತ್ತರ ಪುಷ್ಪ ಅವರ ಸಾವಿನಲ್ಲಿದೆ ಅಂತ ನನಗನ್ನಿಸುತ್ತೆ. ನಮ್ಮ ಮನೆಗಳಲ್ಲಿ ಅಪ್ಪ ಮಗ ನೇರವಾಗಿ ಮಾತಾಡೋದು ಕಡಿಮೆ. ನಮ್ಮಪ್ಪ ಫೋನ್ ಎತ್ತಿದ್ರೆ, “ಊಟ ಆಯ್ತಾ? ಅಲ್ಲಿ ಮಳೆ ಬಂತಾ? ತಡಿ, ಅಮ್ಮಂಗೆ ಕೊಡ್ತೀನಿ.” ಮುಗೀತು. ಅವರ ಮಂಡಿನೋವು, ಸೊಸೈಟಿ ಸಾಲ, ನನ್ನ ಮೇಲಿನ ಸಿಟ್ಟು ಎಲ್ಲ ನನಗೆ ತಲುಪೋದು ಅಮ್ಮನ ಬಾಯಿಂದ. ನನ್ನ ಸುದ್ದಿ ಅವರಿಗೆ ತಲುಪೋದೂ ಹಾಗೇ. ನಡುವಿನ ಆ ಜೀವ ಹೋದ ದಿನ ಅಪ್ಪ ಮನೆಯಲ್ಲೇ ಕಾಣೆಯಾಗ್ತಾರೆ. ಶಿವನಿಗೂ ಅಪ್ಪ ಕಳೆದುಹೋಗಿದ್ದು ಬೆಂಗಳೂರಿನ ರಸ್ತೆಯಲ್ಲಿ ಕೈ ತಪ್ಪುವುದಕ್ಕಿಂತ ಎಷ್ಟೋ ಮೊದಲು. ಈಗ ಅಪ್ಪ ಅಮ್ಮನ ಪ್ರೀತಿಯ ಕಥೆಯನ್ನೂ ಅವನು ಡಾಕ್ಟರ್ ಬಾಯಿಂದ ಕೇಳಬೇಕು. ಅಮ್ಮ ಮಾಡ್ತಿದ್ದ ಕೆಲಸಕ್ಕೆ ಈಗ ಸಹನಾ ಬಂದಿದ್ದಾಳೆ.

ಅನಂತ್ ನಾಗ್ ಅಭಿನಯವನ್ನು ಎಲ್ಲರೂ ಹೊಗಳಿದ್ದಾರೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಅಲ್ಝೈಮರ್ಸ್‌ನಲ್ಲಿ ಮೊದಲು ಅಳಿಸೋದು ಇತ್ತೀಚಿನ ನೆನಪು. ಹಳೆಯದು ತುಂಬ ಕಾಲ ಉಳಿಯುತ್ತೆ. ಹಾಗಾಗಿ ವೆಂಕೋಬ ರಾವ್ ಮುಖದಲ್ಲಿ ಗಾಬರಿ ಕಮ್ಮಿ. ಅವರು ಪುಷ್ಪ ಇರೋ ಕಾಲದಲ್ಲಿ ನೆಮ್ಮದಿಯಾಗಿದ್ದಾರೆ, ಮಗ ಮಾತ್ರ ಹೊರಗೆ ನಿಂತಿದ್ದಾನೆ. ಇನ್ನೂ ಕ್ರೂರವಾದ ವ್ಯಂಗ್ಯ ಅಂದ್ರೆ, ಅಪ್ಪನ ಮಾತು ಕೇಳೋ ಭಾಗ್ಯ ಸಿಗೋದು ರಂಗನಿಗೆ (ವಸಿಷ್ಠ ಸಿಂಹ), ಒಬ್ಬ ರೌಡಿಗೆ. ಮಗ ಊರೆಲ್ಲ ಪೋಸ್ಟರ್ ಹಚ್ಚುವಾಗ ಅಪ್ಪ ಯಾರದೋ ಮನೆಯಲ್ಲಿ ಕೂತು ಯಾರಿಗೋ ಕಥೆ ಹೇಳ್ತಿರ್ತಾರೆ.

ತಕರಾರೂ ಇದೆ. ಹೆಣ, ರೌಡಿ, ಒತ್ತೆಯಾಳು ಅಂತ ಸಾಗುವ ಆ ಎಳೆ ಬರ್ತಾ ಬರ್ತಾ ಜಾಗ ಜಾಸ್ತಿ ತಗೊಳ್ಳುತ್ತೆ. ಹುಡುಕಾಟದ ಬೇಸರ, ಸುಸ್ತು, ಸ್ಟೇಷನ್ ಬೆಂಚಿನ ಕಾಯುವಿಕೆ ಇನ್ನಷ್ಟು ಬೇಕಿತ್ತು. ಸಹನಾಗೆ ತನ್ನದೇ ಆದ ಬದುಕೊಂದು ಇದ್ದಂತೆ ಕಾಣಲ್ಲ. ಗಂಡಸರಿಬ್ಬರ ನಡುವೆ ಸುದ್ದಿ ಮುಟ್ಟಿಸೋದೇ ಅವಳ ಕೆಲಸವಾಗಿಬಿಡುತ್ತೆ.

ಎಲ್ಲಕ್ಕಿಂತ ದೊಡ್ಡ ತಕರಾರು ಬೇರೆ. ವೆಂಕೋಬ ರಾವ್ ತೀರಾ ಒಳ್ಳೆಯವರು. ಇಂಥ ಅಪ್ಪನ ಮುಂದೆ ಮಗನ ಮುನಿಸು ತಾನಾಗೇ ಸಣ್ಣದಾಗುತ್ತೆ. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಅಪ್ಪನ ಜೊತೆ ಬಾಕಿ ಉಳಿದ ಲೆಕ್ಕ ಇದೆ! ಹೊಡೆದಿದ್ದು, ಕುಡಿದು ಬಂದಿದ್ದು, ಒಂದು ಒಳ್ಳೆ ಮಾತು ಆಡದೇ ಇದ್ದಿದ್ದು. ಅಂಥ ಅಪ್ಪನ ನೆನಪು ಅಳಿಸಿಹೋದರೆ ಜಗಳ ಯಾರ ಜೊತೆ ಮುಗಿಸೋದು? ತಪ್ಪು ಮರೆತವರನ್ನು ಕ್ಷಮಿಸೋದು ಹೇಗೆ? ಸಿನಿಮಾ ಈ ಪ್ರಶ್ನೆಯ ಬಾಗಿಲವರೆಗೂ ಬಂದು, ಒಳಗೆ ಹೋಗದೆ ವಾಪಸ್ ಬರುತ್ತೆ.

ಆದರೂ ನೋಡಿ. 2018ರಲ್ಲಿ ಇದು ತಮಿಳಿಗೆ ‘60 ವಯದು ಮಾನಿರಂ’ ಆಗಿ ಹೋಯ್ತು, ಅಪ್ಪನಾಗಿ ಪ್ರಕಾಶ್ ರಾಜ್. ಅಲ್ಲೂ ಹೆಸರು ಪ್ರಕಟಣೆಯ ಸಾಲೇ. ವಯಸ್ಸು, ಮೈಬಣ್ಣ, ಅಷ್ಟೇ.

ನೋಡಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮಪ್ಪನ ಬಗ್ಗೆ ಹತ್ತು ಸಾಲು ಬರೀರಿ. ಅಮ್ಮ ಹೇಳಿದ್ದು ಯಾವುದೂ ಅದರಲ್ಲಿ ಇರಬಾರದು. ನಾನು ಬರೆದು ನೋಡಿದೆ, ನಾಲ್ಕಕ್ಕೆ ನಿಂತಿದೆ. ಐದನೆಯದನ್ನ ಹಬ್ಬಕ್ಕೆ ಊರಿಗೆ ಹೋದಾಗ ಅವರನ್ನೇ ಕೇಳಬೇಕು.