ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ

ಸಿನಿಮಾದಲ್ಲಿ ‘ಪ್ರಕಾರ’ ಎಂಬ ಮಾತು, ಈಚಿನವರ ಬಾಯಲ್ಲಿ ‘ಜಾನರ್’ ಆಗಿರುವ ಅದೇ ಮಾತು, ಚಿತ್ರದ ವಸ್ತುವನ್ನು ಸೂಚಿಸುತ್ತದೆಂಬುದು ರೂಢಿಯ ತಿಳುವಳಿಕೆ. ದೇವರು ಬಂದರೆ ಪೌರಾಣಿಕ, ಕಿರೀಟ ಬಂದರೆ ಐತಿಹಾಸಿಕ, ಅತ್ತೆ ಸೊಸೆಯರು ಬಂದರೆ ಸಾಂಸಾರಿಕ, ಹೆಣ ಬಿದ್ದರೆ ಪತ್ತೇದಾರಿ ಎಂಬ ಲೆಕ್ಕ ಗಾಂಧಿನಗರದಲ್ಲಿ ಬಹುಕಾಲ ನಡೆದು ಬಂತು, ಮತ್ತು ಚಿತ್ರದ ಡಬ್ಬಗಳನ್ನು ಊರೂರಿಗೆ ಕಳಿಸುವ ವ್ಯಾಪಾರಕ್ಕೆ ಆ ಲೆಕ್ಕ ಸಾಕೂ ಆಗಿತ್ತು. ಆದರೆ ಬೇರೆಬೇರೆ ಪ್ರಕಾರಗಳಿಂದ ಮೆಚ್ಚಿನ ಚಿತ್ರಗಳನ್ನು ಆರಿಸಲು ಕೂತ ರಸಿಕನಿಗೆ ಈ ವಿಂಗಡಣೆ ಹೆಚ್ಚು ಒದಗುವುದಿಲ್ಲ. ಒಂದೇ ವಸ್ತುವಿನ ಎರಡು ಚಿತ್ರಗಳಲ್ಲಿ ಒಂದು ಹತ್ತನೆಯ ಸಲವೂ ಹಿಡಿದು ಕೂರಿಸಿದರೆ ಇನ್ನೊಂದು ಮಧ್ಯಂತರಕ್ಕೇ ಸಾಕೆನಿಸುವುದೇಕೆಂಬುದನ್ನು ಅದು ಹೇಳಲಾರದು. ವಸ್ತುವನ್ನು ಬದಿಗಿಟ್ಟು, ತೆರೆಯ ಮೇಲೆ ನಡೆಯುತ್ತಿರುವುದು ಪಾತ್ರಕ್ಕೆ ಹೆಚ್ಚು ಗೊತ್ತೋ ಪ್ರೇಕ್ಷಕನಿಗೆ ಹೆಚ್ಚು ಗೊತ್ತೋ ಎಂದು ಕೇಳಿಕೊಂಡರೆ ಪಟ್ಟಿಗೆ ಒಂದು ಹದ ಬರುತ್ತದೆ. ಇಲ್ಲಿನ ಆಯ್ಕೆ ಕನ್ನಡ ಚಿತ್ರಗಳಿಗೆ ಸೀಮಿತವಾದುದು, ಮತ್ತು ಈ ಒಂದು ಪ್ರಶ್ನೆಯ ಜಾಡಿನಲ್ಲೇ ನಡೆಯುವಂಥದು.

ಸಸ್ಪೆನ್ಸ್ ಚಿತ್ರಗಳಲ್ಲಿ ಈ ಲೆಕ್ಕ ಎದ್ದು ಕಾಣುತ್ತದೆ. ಆಲ್‌ಫ್ರೆಡ್ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ತ್ರೂಫೋ ಅವರಿಗೆ ಕೊಟ್ಟ ಪ್ರಸಿದ್ಧ ಸಂದರ್ಶನದಲ್ಲಿ ಅಚ್ಚರಿಗೂ ಸಸ್ಪೆನ್ಸಿಗೂ ಇರುವ ಅಂತರವನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು: ಬಾಂಬಿರುವುದು ಪ್ರೇಕ್ಷಕನಿಗೆ ತಿಳಿಯದೆ ಸಿಡಿದರೆ ಅವನು ಒಂದು ಗಳಿಗೆ ಬೆಚ್ಚುತ್ತಾನೆ, ಮೊದಲೇ ತಿಳಿದಿದ್ದರೆ ಮೇಜಿನ ಸುತ್ತ ಕುಳಿತವರ ಹರಟೆಯ ಪ್ರತಿಯೊಂದು ಮಾತೂ ಅವನ ಎದೆ ಹಿಂಡುತ್ತದೆ. ಕನ್ನಡದಲ್ಲಿ ಈ ಎರಡು ದಾರಿಗಳಿಗೂ ಒಳ್ಳೆಯ ಮಾದರಿಗಳಿವೆ. ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ (1989) ಅಗಥಾ ಕ್ರಿಸ್ಟಿಯವರ ನಾಟಕವೊಂದರ ಎಳೆ ಹಿಡಿದು, ಕೊಂದವರು ಯಾರೆಂಬುದನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಏನನ್ನೂ ಮುಚ್ಚಿಡುವುದಿಲ್ಲ. ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸಿದವನು ಅಮಲಿನಲ್ಲಿದ್ದ ರಾಜಕಾರಣಿಯ ಮಗನೆಂಬುದು ಪ್ರೇಕ್ಷಕನಿಗೆ ಆರಂಭದಲ್ಲೇ ಗೊತ್ತಾಗಿ, ಗೊತ್ತಿರುವ ಸತ್ಯ ಹೊರಬೀಳುತ್ತದೆಯೋ ಇಲ್ಲವೋ ಎಂಬುದೊಂದೇ ಉಳಿಯುತ್ತದೆ. ‘ತರ್ಕ’ದ ಹೆಣಿಗೆ ಹೆಚ್ಚು ಬಿಗಿ, ಆದರೆ ಎರಡನೆಯ ನೋಟಕ್ಕೆ ದಕ್ಕುವುದು ‘ಆಕ್ಸಿಡೆಂಟ್’ ಎಂಬುದು ಈ ಅಂಕಣದ ತೀರ್ಮಾನ. ಒಗಟು ಬಿಡಿಸಿದ ಮೇಲೆ ಒಗಟಾಗಿ ಉಳಿಯುವುದಿಲ್ಲ, ಅನ್ಯಾಯ ಮಾತ್ರ ಎಷ್ಟು ಸಲ ನೋಡಿದರೂ ಅನ್ಯಾಯವೇ. ಎರಡರಲ್ಲೂ ಹಾಡುಗಳಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತೆರೆಗೆ ಬಂದಂದಿನಿಂದ ಹಾಡೆಂಬುದು ಟಿಕೆಟ್ಟಿನ ಬೆಲೆಯೊಳಗೇ ಸೇರಿದ ಹಕ್ಕಾಗಿದ್ದ ನಾಡಿನಲ್ಲಿ ಇದು ಸಣ್ಣ ಧೈರ್ಯವಲ್ಲ. ಬೀಡಿ ಸೇದಲು ಹೊರಗೆ ಹೋಗುವ ಪ್ರೇಕ್ಷಕನಿಗೆ ಬಿಡುವೇ ಕೊಡದಿರುವುದು ಈ ಪ್ರಕಾರದ ಮೊದಲ ಮರ್ಯಾದೆ.

ಪ್ರೇಕ್ಷಕನಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿರುವ ಇದೇ ಏರ್ಪಾಟು ಎಷ್ಟು ಬೇರೆಬೇರೆ ರಸಗಳನ್ನು ಕೊಡಬಲ್ಲದೆಂಬುದಕ್ಕೆ, ಸಾಮಾನ್ಯವಾಗಿ ಯಾರೂ ಒಂದೇ ಉಸಿರಿನಲ್ಲಿ ಹೆಸರಿಸದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990) ನಡೆಯುವುದು ಒಂದು ವಠಾರದಲ್ಲಿ, ಎಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಹಲವು ಬಾಡಿಗೆ ಮನೆಗಳ, ಒಬ್ಬರ ಒಗ್ಗರಣೆಯ ವಾಸನೆ ಎಲ್ಲರಿಗೂ ತಲುಪುವ ಹಳೆಯ ಬೆಂಗಳೂರಿನ ವಸತಿಯಲ್ಲಿ. ಅನಂತ ನಾಗ್ ಅವರ ಗಣೇಶ ತಾನು ಕಂಡಿರದ ಗಾಯಕಿ ಶ್ರುತಿಗೆ ಪತ್ರ ಬರೆದು ಪ್ರೀತಿಸುತ್ತಾನೆ, ದಿನವೂ ಕಾಣುವ ವಠಾರದ ಆದಿಲಕ್ಷ್ಮಿಯೊಂದಿಗೆ ಜಗಳ ಕಾಯುತ್ತಾನೆ. ಇಬ್ಬರೂ ಒಬ್ಬಳೇ ಎಂಬುದು ಪ್ರೇಕ್ಷಕನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಎಲ್ಲರ ಗುಟ್ಟೂ ಎಲ್ಲರಿಗೂ ಗೊತ್ತಿರಲೇಬೇಕಾದ ವಠಾರದಲ್ಲಿ ಅತಿ ದೊಡ್ಡ ಗುಟ್ಟು ಮಾತ್ರ ಯಾರ ಕಣ್ಣಿಗೂ ಬೀಳದಿರುವುದೇ ಈ ಹಾಸ್ಯದ ಬುಡ. ಪ್ರೇಕ್ಷಕನ ನಗು ತಾನು ಹೆಚ್ಚು ಬಲ್ಲೆನೆಂಬ ಹಗುರವಾದ ಗರ್ವದಿಂದ ಹುಟ್ಟುತ್ತದೆ.

ಇನ್ನೊಂದು ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಯು. ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿದ, ಆ ವರ್ಷದ ಸ್ವರ್ಣಕಮಲ ಪಡೆದ ಈ ಚಿತ್ರದ ಹೆಸರು ಒಂದು ಕರ್ಮವಿಧಿಯದು: ಜಾತಿಯಿಂದ ಹೊರಹಾಕಲ್ಪಟ್ಟವರು ಬದುಕಿರುವಾಗಲೇ ಅವರ ಪ್ರತೀಕವಾಗಿ ಮಡಕೆ ಒಡೆದು, ಅವರು ಸತ್ತರೆಂದೇ ಲೆಕ್ಕ ಹಾಕಿ ಮಾಡುವ ಶ್ರಾದ್ಧ. ಅಗ್ರಹಾರದ ವೇದಪಾಠಶಾಲೆಗೆ ಹೊಸದಾಗಿ ಬಂದ ನಾಣಿ ಎಂಬ ಹುಡುಗನಿಗೆ ಉಪಾಧ್ಯಾಯರ ವಿಧವೆ ಮಗಳು ಯಮುನಕ್ಕನೇ ಆಸರೆ. ಅವಳು ಬಸುರಿ ಎಂಬುದನ್ನು ಪ್ರೇಕ್ಷಕ ಬೇಗ ಊಹಿಸುತ್ತಾನೆ; ಹುಡುಗನಿಗೆ ಅದು ಅರ್ಧ ಮಾತುಗಳಲ್ಲಿ, ತಟ್ಟನೆ ಮುಚ್ಚುವ ಬಾಗಿಲುಗಳಲ್ಲಿ, ದೊಡ್ಡ ಹುಡುಗರ ಪಿಸುಮಾತಿನಲ್ಲಿ ಚೂರುಚೂರಾಗಿ ಬಂದು ತಲುಪುತ್ತದೆ. ಏರ್ಪಾಟು ವಠಾರದ್ದೇ, ಸುತ್ತಲಿನ ಕಿವಿಗಳೂ ಅಷ್ಟೇ ಚುರುಕು, ಆದರೆ ಇಲ್ಲಿ ಹೆಚ್ಚು ಬಲ್ಲವನಾಗಿರುವುದು ಗರ್ವವಾಗದೆ ಭಾರವಾಗುತ್ತದೆ, ಏಕೆಂದರೆ ಊರಿಗೆ ತಿಳಿದ ದಿನ ಏನಾಗುವುದೆಂಬುದನ್ನು ಅರಿತ ಪ್ರೇಕ್ಷಕ ಅದನ್ನು ಹುಡುಗನಿಗೆ ಹೇಳಲಾರ. ಕೊನೆಯಲ್ಲಿ ತಂದೆಯ ಜೊತೆ ಊರು ಬಿಡುವ ನಾಣಿ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಕ್ಕನನ್ನು ನೋಡುವಾಗ ಹುಡುಗನ ಅರಿವೂ ಪ್ರೇಕ್ಷಕನ ಅರಿವೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಸ್ಯದಲ್ಲಿ ಆ ಮಟ್ಟ ಮದುವೆಯಾದರೆ ಇಲ್ಲಿ ಅದು ಬಾಲ್ಯದ ಕೊನೆ. ‘ಕಲಾತ್ಮಕ’ ಎಂಬುದನ್ನು ಒಂದು ಪ್ರಕಾರವೆಂದು ಕರೆದು ಇಂಥ ಚಿತ್ರಗಳನ್ನು ಪ್ರತ್ಯೇಕ ಕಪಾಟಿನಲ್ಲಿ ಇಡುವ ಅಭ್ಯಾಸ ಅವುಗಳಿಗೆ ಬೀಗ ಹಾಕಿದಂತೆಯೇ ಸರಿ.

ಪೌರಾಣಿಕದ ತೊಡಕು ಬೇರೆ ಬಗೆಯದು. ಕತೆ ಎಲ್ಲರಿಗೂ ಅಜ್ಜಿಯ ಬಾಯಿಂದಲೋ ಯಕ್ಷಗಾನ, ಹರಿಕತೆಗಳಿಂದಲೋ ಮೊದಲೇ ಗೊತ್ತಿರುವುದರಿಂದ ಮುಚ್ಚಿಡಲು ಏನೂ ಇರುವುದಿಲ್ಲ. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (1977) ಈ ತೊಡಕನ್ನೇ ಬಂಡವಾಳ ಮಾಡಿಕೊಂಡಿತು. ಅರ್ಜುನನೂ ರಾಜ್‌ಕುಮಾರ್, ಅವನು ಮಗನೆಂದು ಒಪ್ಪದ ಬಭ್ರುವಾಹನನೂ ರಾಜ್‌ಕುಮಾರ್. ದ್ವಿಪಾತ್ರವೆಂಬುದು ಅಭಿಮಾನಿಗಳಿಗೆ ಎರಡು ಪಟ್ಟು ನಟನನ್ನು ಉಣಬಡಿಸುವ ಉಪಾಯವೆಂದೇ ತಿಳಿಯಲಾಗುತ್ತದೆ, ಆದರೆ ಇಲ್ಲಿ ಅದು ಕತೆಯ ಕೆಲಸವನ್ನೇ ಮಾಡುತ್ತದೆ: ಎದುರಿಗೆ ನಿಂತಿರುವುದು ತನ್ನದೇ ಮುಖವೆಂಬುದು ಇಡೀ ಥಿಯೇಟರಿಗೆ ಕಾಣುತ್ತಿದ್ದರೂ ಪಾರ್ಥನೊಬ್ಬನಿಗೆ ಕಾಣುವುದಿಲ್ಲ. ತಂದೆ ಮಗನ ನಡುವಿನ ವಾಗ್ಯುದ್ಧದ ಹಾಡು ಇಂದಿಗೂ ಹಳತಾಗದಿರುವುದಕ್ಕೆ ಸಾಹಿತ್ಯ, ಸಂಗೀತಗಳಷ್ಟೇ ಈ ಕುರುಡೂ ಕಾರಣ.

ಐತಿಹಾಸಿಕ ಚಿತ್ರಕ್ಕೂ ಇದೇ ಗ್ರಹಚಾರ. ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಮುಂತಾದವು ಎಷ್ಟೇ ವೈಭವದಿಂದ ಕೂಡಿದ್ದರೂ ಗೆಲ್ಲುವವರು ಯಾರೆಂಬುದು ಪಠ್ಯಪುಸ್ತಕದಲ್ಲೇ ಅಚ್ಚಾಗಿದೆ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಆ ಪುಸ್ತಕದಿಂದಲೇ ಹೊರಗೆ ನಡೆಯಿತು. ಹೊಯ್ಸಳರ ಕಾಲ, ಮಲೆನಾಡಿನ ಮಳೆ ಮತ್ತು ಕಾಡು, ಅರಸನ ಬದಲು ಹೆಸರಿಲ್ಲದ ಸಣ್ಣ ನಾಯಕರು, ದಿಗ್ವಿಜಯದ ಬದಲು ದಾಯಾದಿ ಮತ್ಸರ. ನಡುವೆ ಕೂಲಿಗಾಗಿ ಕತ್ತಿ ಹಿಡಿಯುವ ಗಂಡುಗಲಿಯಾಗಿ ಶಂಕರ್ ನಾಗ್, ಎದುರು ಪಾಳೆಯದಲ್ಲಿ ಸುಂದರಕೃಷ್ಣ ಅರಸ್ ಅವರ ಪೆರ್ಮಾಡಿ. ಜಪಾನಿನ ಅಕಿರ ಕುರೊಸಾವ ಅವರ ಸಮುರಾಯ್ ಚಿತ್ರಗಳಿಗೆ ತನ್ನ ಋಣವನ್ನು ಮರೆಮಾಚದ ಈ ಕೃತಿಯಲ್ಲಿ, ಯಾವ ಶಾಸನದಲ್ಲೂ ಹೆಸರಿಲ್ಲದ ಈ ಜನ ಬದುಕುತ್ತಾರೋ ಸಾಯುತ್ತಾರೋ ಎಂಬುದು ಪ್ರೇಕ್ಷಕನಿಗೆ ನಿಜಕ್ಕೂ ಗೊತ್ತಿಲ್ಲದಿರುವುದರಿಂದ ಪ್ರತಿ ಕಾಳಗಕ್ಕೂ ಅರ್ಥ ಬರುತ್ತದೆ. ಇದು ಶಂಕರ್ ನಾಗ್ ಅವರ ಮೊದಲ ಚಿತ್ರ, ಮತ್ತು ಇದಕ್ಕೇ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ನಟನೆಯ ಪ್ರಶಸ್ತಿ ಬಂದಿತು.

ದೆವ್ವದ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನಾ ನಿನ್ನ ಬಿಡಲಾರೆ’ (1979) ಆ ಸಾಲಿನಲ್ಲಿ ಮೊದಲು ನೆನಪಾಗುವುದು ಅನಂತ ನಾಗ್ ಅವರ ನಟನೆಗಾಗಿ; ಉಳಿದ ಬಹುಪಾಲು ಚಿತ್ರಗಳು ಬಾಗಿಲಿನ ಕಿರುಗುಟ್ಟುವಿಕೆಯ ಮೇಲೆ ಅತಿಯಾದ ನಂಬಿಕೆ ಇಟ್ಟವು.

ಪ್ರೇಮಚಿತ್ರದಲ್ಲಿ ಪ್ರೇಕ್ಷಕನಿಗೂ ನಾಯಕನಿಗೂ ಒಂದೇ ಅಳತೆಯ ಅಜ್ಞಾನವನ್ನು ಹಂಚಿದ ಚಿತ್ರವೆಂದರೆ ‘ಬೆಳದಿಂಗಳ ಬಾಲೆ’ (1995). ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ದೇಸಾಯಿಯವರು ಎತ್ತಿಕೊಂಡ ಈ ಕತೆಯಲ್ಲಿ ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತನಿಗೆ ಫೋನಿನಲ್ಲಿ ಬರುವ ಹೆಣ್ಣುದನಿಯೊಂದು, ತನ್ನ ಹೆಸರು, ಫೋನ್ ನಂಬರು, ವಿಳಾಸಗಳನ್ನು ತಾನು ಕೊಡುವ ಸುಳಿವುಗಳಿಂದಲೇ ಪತ್ತೆ ಮಾಡೆಂದು ಸವಾಲು ಹಾಕುತ್ತದೆ. ಕರೆ ಮಾಡಿದವರ ನಂಬರು ತೋರದ ಲ್ಯಾಂಡ್‌ಲೈನ್ ಕಾಲಕ್ಕಷ್ಟೇ ಸಾಧ್ಯವಿದ್ದ ಪ್ರೇಮ ಇದು. ಸುಳಿವುಗಳಲ್ಲಿ ಕೆಲವು ಕಾದಂಬರಿಯ ಪುಟದಲ್ಲಿ ಒಪ್ಪುವಷ್ಟು ತೆರೆಯ ಮೇಲೆ ಒಪ್ಪುವುದಿಲ್ಲ, ಲೆಕ್ಕದ ಮೇಷ್ಟರು ಕೊಟ್ಟ ಮನೆಗೆಲಸದಂತೆ ಕಾಣುತ್ತವೆ. ಆದರೂ ನಿರ್ದೇಶಕರು ಒಂದು ವ್ರತವನ್ನು ಮುರಿಯದೆ ನಡೆಸಿದರು: ನಾಯಕಿಯ ಮುಖವನ್ನು ತೋರಿಸಲಿಲ್ಲ. ಬೇರೆ ಯಾರೇ ಆಗಿದ್ದರೂ ಕೊನೆಯ ರೀಲಿನಲ್ಲಿ ಒಂದು ಸುಂದರ ಮುಖವನ್ನು ತಂದು ಪ್ರೇಕ್ಷಕನ ಬಾಕಿ ತೀರಿಸುತ್ತಿದ್ದರು. ಆಗ ಆ ಮುಖ ಯಾರದ್ದಾಗಿದ್ದರೂ ಕಡಿಮೆಯೇ ಎನಿಸುತ್ತಿತ್ತು. ಇಲ್ಲಿ ಪ್ರತಿಯೊಬ್ಬ ನೋಡುಗನೂ ತನ್ನದೇ ಮುಖವೊಂದನ್ನು ಮನೆಗೆ ಒಯ್ದ.

ಮುಖವಿಲ್ಲದ ದನಿಯ ಚಿತ್ರಕ್ಕೆ ಎಂಟು ವರ್ಷ ಮೊದಲೇ ದನಿಯಿಲ್ಲದ ಮುಖಗಳ ಚಿತ್ರವೊಂದು ಬಂದಿತ್ತು. ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ (1987) ಬೆಂಗಳೂರಿನಲ್ಲಿ ಚಿತ್ರಿತವಾಗಿ, ಮಾತೇ ಇಲ್ಲದ್ದರಿಂದ ಹೆಸರನ್ನಷ್ಟೇ ಬದಲಿಸಿಕೊಂಡು ಹಲವು ಭಾಷೆಗಳ ನಾಡುಗಳಲ್ಲಿ ತೆರೆ ಕಂಡಿತು. ಇದನ್ನು ಮೂಕಿ ಚಿತ್ರವೆನ್ನುವುದು ತಪ್ಪು. ಮೂಕಿಯಲ್ಲಿ ಪಾತ್ರಗಳು ಮಾತಾಡುತ್ತವೆ, ಯಂತ್ರಕ್ಕೆ ಕೇಳಿಸದು. ಇಲ್ಲಿ ಶಬ್ದಗಳೆಲ್ಲ ಕೇಳಿಸುತ್ತವೆ, ಮಾತೊಂದು ಮಾತ್ರ ಗಾಜಿನಾಚೆಯೋ ದೂರದಲ್ಲೋ ಗದ್ದಲದ ನಡುವೆಯೋ ಉಳಿದುಬಿಡುತ್ತದೆ. ಕಮಲ್ ಹಾಸನ್ ಅವರ ನಿರುದ್ಯೋಗಿ ಯುವಕ, ಕುಡಿದು ಬೀದಿಯಲ್ಲಿ ಬಿದ್ದ ಶ್ರೀಮಂತನೊಬ್ಬನನ್ನು ತನ್ನ ಬಡ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಬೀಗದ ಕೈ ಹಿಡಿದು ಐಷಾರಾಮಿ ಹೋಟೆಲು ಹೊಕ್ಕು ಅವನಾಗುತ್ತಾನೆ. ಆ ಶ್ರೀಮಂತನನ್ನು ಕೊಲ್ಲಲು ಬಂದವನು ಈಗ ಇವನ ಬೆನ್ನು ಹತ್ತುತ್ತಾನೆ. ಟಿನ್ನು ಆನಂದ್ ಅವರ ಆ ಕೊಲೆಗಾರನ ಆಯುಧ ಮಂಜುಗಡ್ಡೆಯ ಚೂರಿ, ಕುರುಹು ಉಳಿಸದೆ ಕರಗಬೇಕಾದದ್ದು, ಬಳಸುವ ಮೊದಲೇ ಕರಗುತ್ತಿರುವುದು. ಒಂದೇ ಚಿತ್ರದಲ್ಲಿ ಹಾಸ್ಯ, ಪ್ರೇಮ, ಸಸ್ಪೆನ್ಸ್ ಮೂರೂ ಇದ್ದು, ಮೂರಕ್ಕೂ ಯಾರಿಗೆ ಏನು ಗೊತ್ತೆಂಬ ಲೆಕ್ಕವನ್ನು ಬೇರೆಬೇರೆಯಾಗಿ ಇಟ್ಟಿರುವುದು, ಅದನ್ನೂ ಒಂದು ಮಾತಿನ ಸಹಾಯವಿಲ್ಲದೆ ಕಣ್ಣಿನಿಂದಲೇ ದಾಟಿಸಿರುವುದು ಇದರ ಹೆಚ್ಚುಗಾರಿಕೆ. ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತದ ನಾಯಕ, ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಮಲಗುವ ಪ್ರಸಂಗದಲ್ಲಿ ಬಡತನದ ಬಗ್ಗೆ ಹಲವು ಸಂಭಾಷಣೆಕಾರರು ಸೇರಿ ಬರೆಯಲಾರದಷ್ಟು ತುಂಬಿದೆ. ಕೊನೆಗೆ ಅಮಲಾ ಅವರ ನಾಯಕಿ ಊರು ಬಿಡುತ್ತ ಎಸೆದ ಹೂವು ಅವನ ಕೈಗೆ ಬಂದು, ಅದರ ಜೊತೆಗಿದ್ದ ವಿಳಾಸದ ಚೀಟಿ ಮಾತ್ರ ಕೈತಪ್ಪುತ್ತದೆ.

ಈ ಲೆಕ್ಕಗಳೊಂದಕ್ಕೂ ಸಿಗದ ಚಿತ್ರವೊಂದು ಪಟ್ಟಿಯ ಕೊನೆಯಲ್ಲಿ ಉಳಿಯುತ್ತದೆ. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡರೊಂದಿಗೆ ಸೇರಿ ಬರೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಾಡಿನಲ್ಲಿ ತೆರೆ ಕಂಡಿತು. ಮಂಡ್ಯ ಸೀಮೆಯ ನೊದೆಕೊಪ್ಪಲು, ನಟನೆ ಕಲಿಯದ ಹಳ್ಳಿಗರು, ನೂರೊಂದನೆಯ ವಯಸ್ಸಿನಲ್ಲಿ ಸತ್ತ ಸೆಂಚುರಿ ಗೌಡ, ಹನ್ನೊಂದನೆಯ ದಿನದ ತಿಥಿಯೊಳಗೆ ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸುವ ತಮ್ಮಣ್ಣ. ಸಾವಿನ ಮನೆಯ ಕತೆ, ಆದರೆ ಅಳುವವರಿಲ್ಲ. ನಗು ಬರುತ್ತದೆ, ಆದರೆ ನಗಿಸಲು ಯಾರೂ ಹೊರಟಿಲ್ಲ. ಆ ಅಪ್ಪ ಗಡ್ಡಪ್ಪ, ಜಮೀನೂ ಬೇಡ, ಮಕ್ಕಳೂ ಬೇಡ, ಒಂದು ಕ್ವಾರ್ಟರ್ ಬ್ರಾಂದಿ ಸಾಕೆಂದು ಹೊಲದ ಬದುಗಳ ಮೇಲೆ ಅಲೆಯುವ ಮುದುಕ. ಪ್ರೇಕ್ಷಕ ಅವನನ್ನು ಬಹಳ ಹೊತ್ತಿನವರೆಗೆ ಒಂದು ತಮಾಷೆಯ ಪಾತ್ರವೆಂದೇ ಎಣಿಸಿ ನೆಮ್ಮದಿಯಾಗಿರುತ್ತಾನೆ. ಆಮೇಲೊಂದು ರಾತ್ರಿ, ಕುರಿಗಾಹಿಗಳ ನಡುವೆ ಕೂತು, ಬೇರೆ ಯಾರದೋ ಸುದ್ದಿ ಹೇಳುವಷ್ಟು ಸಾವಧಾನವಾಗಿ ಗಡ್ಡಪ್ಪ ತನ್ನ ಹೆಂಡತಿಯ ಕತೆ ಹೇಳುತ್ತಾನೆ. ಊರಿನವರಿಗೆ ತಿಳಿಯದೆ, ಮಗನಿಗೂ ಹೇಳದೆ ಹೊತ್ತು ತಿರುಗಿದ್ದನ್ನು ಆತ ಗುರುತಿಲ್ಲದವರ ಮುಂದೆ ಇಳಿಸುತ್ತಾನೆ, ಮತ್ತು ಬೆಳಗಾದ ಮೇಲೆ ಚಿತ್ರ ಆ ವಿಷಯವನ್ನು ಮತ್ತೆ ಎತ್ತದೆ, ಬಾಡೂಟದ ಕುರಿಯ ಲೆಕ್ಕಕ್ಕೆ ಮರಳುತ್ತದೆ.