ಅಮೃತಮತಿಯ ಒಲವು, ಯಶೋಧರನ ಸುಳ್ಳು

ಕತ್ರಿಗುಪ್ಪೆಯ ಮನೆಯೊಂದರ ಸ್ವಾಧ್ಯಾಯದಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು ಓದುವಾಗ ಎಳೆಯರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಉಜ್ಜಯಿನಿಯ ಪಟ್ಟದರಸಿ ಅಮೃತಮತಿ ಅರಸನನ್ನು ಬಿಟ್ಟು ಕುರೂಪಿಯಾದ ಮಾವುತನಿಗೆ ಮನಸೋತದ್ದೇಕೆ? ಆಡುವವರೇ ಪಾತ್ರಗಳ ಒಲವನ್ನು ಆಯ್ದು ಕಥೆಯನ್ನು ತಿರುಗಿಸುವ ಪ್ರಣಯದ ಆಟಗಳು ಮೊಬೈಲಿನಲ್ಲಿಯೇ ದೊರೆಯುವ ಕಾಲವಿದು. ಕಾರಣ ಕಾಣದ ಪ್ರೇಮವನ್ನು ಅವರು ಸುಲಭವಾಗಿ ಒಪ್ಪರು. ಗಿರೀಶ ಕಾರ್ನಾಡರಾದರೋ 1980ರ 'ಹಿಟ್ಟಿನ ಹುಂಜ' ನಾಟಕದಲ್ಲಿ ಈ ಮೂವರಿಗೂ ಹೊಸ ಕಾರಣಗಳನ್ನೇ ಕೊಟ್ಟರು. ಅದನ್ನು ಧರ್ಮಕಥೆಗೆ ಬಗೆದ ಅಪಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ವಿಮರ್ಶೆಯಾಗದು.

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಕಾವ್ಯದಲ್ಲಿ ಕಾರಣ ಒಂದೇ, ಹಾಡು. ಮುಖ ಕಾಣುವ ಮೊದಲೇ ಆಕೆ ದನಿಗೆ ಸೋತಳು. ನೋಡಿಬಂದ ಸಖಿ ಹೇಸಿದರೂ ಮನಸ್ಸು ಹಿಂದಿರುಗಲಿಲ್ಲ. ಕಾರ್ನಾಡರು ಹಾಡನ್ನು ಉಳಿಸಿಕೊಂಡು ಅದರ ಹಿಂದೆ ಒಂದು ಸಂಸಾರವನ್ನು ಕಟ್ಟಿದರು. ಅಲ್ಲಿ ರಾಣಿ ಜೈನಳು. ಅರಸ ಆಕೆಗಾಗಿ ಜೈನಧರ್ಮಕ್ಕೆ ಬಂದವನು. ತಾಯಿ ಬಲಿಪೂಜೆಯನ್ನು ಬಿಡಲಾರದವಳು. ಶೀಲದಿಂದ ಜಾರಿದ ಆ ರಾಣಿಯೇ ಹಿಟ್ಟಿನ ಹುಂಜವನ್ನು ಕಡಿಯುವುದೂ ಹಿಂಸೆಯೆಂದು ಎಲ್ಲರಿಗಿಂತ ದೃಢವಾಗಿ ವಾದಿಸುತ್ತಾಳೆ. ಪತಿಗೂ ಅತ್ತೆಗೂ ವಿಷವಿಕ್ಕುವ ಜನ್ನನ ಅಮೃತಮತಿಗೆ ಇಂಥ ಮಾತು ದಕ್ಕಿರಲಿಲ್ಲ. ಇದು ನಾಟಕದ ನಿಜವಾದ ಗಳಿಕೆ, ನಾವು ಒಪ್ಪಲೇಬೇಕು.

ನಷ್ಟವೂ ಉಂಟು. ನವಿಲು ಮತ್ತು ನಾಯಿಯ ಜನ್ಮದಿಂದ ತೊಡಗಿ, ಅಭಯರುಚಿ-ಅಭಯಮತಿಯರಾಗಿ ಹುಟ್ಟುವವರೆಗೆ ಮಗನೂ ತಾಯಿಯೂ ತೊಳಲುವ ಭವಾವಳಿಗೆ ನಾಟಕದ ಒಂದೇ ಇರುಳಿನಲ್ಲಿ ಎಡೆಯಿಲ್ಲ.

ಆದರೆ ರಾಣಿಯ ಉದ್ದೇಶವನ್ನು ಕುರಿತೇ ವಾದಿಸುತ್ತ ನಾವು ಅರಸನ ಉದ್ದೇಶವನ್ನು ಮರೆಯುತ್ತೇವೆ. ಜನ್ನನಲ್ಲಿ ಯಶೋಧರನು ಇರುಳಿನಲ್ಲಿ ರಾಣಿಯನ್ನು ಹಿಂಬಾಲಿಸಿ, ಕತ್ತಿಯೆತ್ತಿ, ತಡೆದುಕೊಳ್ಳುತ್ತಾನೆ. ಅಲ್ಲಿಗೆ ಅವನು ಅಹಿಂಸಾವ್ರತಿಯಂತೆಯೇ ತೋರುತ್ತಾನೆ. ಮರುದಿನ ತಾಯಿ ಚಂದ್ರಮತಿ ಮಗನ ಬಾಡಿದ ಮುಖವನ್ನು ಕಂಡು ಕೇಳಿದಾಗ, ಕಂಡದ್ದನ್ನು ಹೇಳಲಾರದೆ ಕೆಟ್ಟ ಕನಸಿನ ಕಥೆಯನ್ನು ಹೆಣೆಯುತ್ತಾನೆ. ಕನಸಿಗೆ ಶಾಂತಿಯಾಗಬೇಕೆಂದು ತಾಯಿ ಬಲಿ ಕೇಳುತ್ತಾಳೆ. ಜೀವವಧೆಗೆ ಒಲ್ಲದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಇರುಳು ತಡೆದ ಕತ್ತಿ ಹಗಲು ಹಿಟ್ಟಿನ ಮೇಲೆ ಬಿತ್ತು, ಕೋಳಿ ಕೂಗಿತು. ರಾಗಾದಿಗಳು ಮನಸ್ಸಿನಲ್ಲಿ ಹುಟ್ಟಿದಾಗಲೇ ಹಿಂಸೆ ಹುಟ್ಟಿತೆಂದು ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಬೋಧಿಸುತ್ತಾರೆ. ಆ ಬೆಳಕಿನಲ್ಲಿ ನೋಡಿದರೆ ಸಂಕಲ್ಪಹಿಂಸೆಯ ಬೇರು ಮಾವುತನ ಹಾಡಿನಲ್ಲಿಲ್ಲ. ಮರ್ಯಾದೆಗೆ ಅಂಜಿದ ಗಂಡನ ಅಡಗಿದ ಕ್ರೋಧದಲ್ಲಿದೆ, ಅದನ್ನು ಮುಚ್ಚಿದ ಸುಳ್ಳಿನಲ್ಲಿದೆ. ಪತಿವ್ರತೆಯರಿಗೆ ಎಚ್ಚರಿಕೆಯೆಂದು ಮಾತ್ರ ಈ ಕಥೆಯನ್ನು ಹೇಳುತ್ತ ಬಂದವರು (ಅಂಥವರು ನಮ್ಮಲ್ಲಿ ಕಡಿಮೆಯೇನಿಲ್ಲ) ಜನ್ನನನ್ನು ಅರ್ಧವೇ ಓದಿದ್ದಾರೆ.

ಬಸದಿಯ ಟ್ರಸ್ಟುಗಳು ಮಕ್ಕಳಿಗಾಗಿ ಈ ಚರಿತೆಯನ್ನು ಸಂಕ್ಷೇಪಿಸಿ ಆಡಿಸುವುದಾದರೆ, ರಾಣಿಗೆ ಯಾವ ಕಾರಣವನ್ನಾದರೂ ಕೊಡಲಿ. ವಿಷಪ್ರಾಶನವನ್ನು ಉಳಿಸಿಕೊಂಡು ಕನಸಿನ ಸುಳ್ಳನ್ನು ಕತ್ತರಿಸಿಬಿಟ್ಟರೆ ಮಾತ್ರ, ಹಿಟ್ಟಿನ ಕೋಳಿ ಏಕೆ ಕೂಗಿತೆಂದು ಮಗುವೊಂದು ಕೇಳಿದಾಗ ಹೇಳಲು ಅವರ ಬಳಿ ಏನೂ ಉಳಿದಿರುವುದಿಲ್ಲ.